ಕೊಟ್ಟ ಶ್ರಮ, ಕಸಿದ ಶ್ರಮ

ದಿನದ ಧಮ್ಮ ಚಿಂತನೆ



ಇಂದಿನ ಪ್ರಶ್ನೆ ನಮ್ಮ ಅಧ್ಯಯನ ಬಳಗದಲ್ಲೇ ಹುಟ್ಟಿದ್ದು. ನಮ್ಮ ಬಡಾವಣೆಯಲ್ಲಿ ನಗರಸಭೆಯ ಒಂದು ಪಾರ್ಕು ಇದೆ. ಅಲ್ಲಿ ವಾಕಿಂಗ್ ಬರುವವರ ಸಂಘದವರು, ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಎಲ್ಲರೂ ಸೇರಿ ಪಾರ್ಕು ಸ್ವಚ್ಛ ಮಾಡೋಣ, ಗಿಡ ನೆಡೋಣ, ನಿಮ್ಮ ಬಳಗದವರೂ ಬನ್ನಿ ಎಂದು ಕರೆದರು. ಹೋಗಬೇಕೇ, ಬೇಡವೇ?

ಬೇರೆಯವರ ಮನೆಗಳಲ್ಲಿ ಇದು ಪ್ರಶ್ನೆಯೇ ಆಗುವುದಿಲ್ಲ. ಬಿಡುವಿದ್ದರೆ ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಅದು ಎರಡು ಗಂಟೆಯ ಚರ್ಚೆಯಾಯಿತು.

ನಾವೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರು ಖಡಾಖಂಡಿತವಾಗಿ ಬೇಡ ಎಂದರು. "ನಮ್ಮಪ್ಪ, ನಮ್ಮ ತಾತ ಊರೆಲ್ಲ ಗುಡಿಸಿದ್ರು ಕಣಮ್ಮ. ಒಂದು ದಿನಾನೂ ಯಾರೂ ಅದನ್ನ ಸೇವೆ ಅಂತ ಕರೀಲಿಲ್ಲ. ಓದಿ, ಕೆಲಸ ಹಿಡಿದು, ಪೊರಕೆ ಕೆಳಗಿಟ್ಟಿದ್ದೀವಿ. ಈಗ ನಾವೇ ಹೋಗಿ ಮತ್ತೆ ಎತ್ಕೋಬೇಕಾ?"

ಡಿಗ್ರಿ ಓದುತ್ತಿರುವ ಹುಡುಗನೊಬ್ಬ ಕೇಳಿದ: "ಪಾರ್ಕು ನಮ್ಮದೂ ಅಲ್ವಾ ದೊಡ್ಡಪ್ಪ? ನಾವು ಹೋಗದೇ ಇದ್ರೆ ಅದು ಅವರದೇ ಅಂತ ನಾವೇ ಒಪ್ಪಿಕೊಂಡ ಹಾಗಾಗಲ್ವಾ?"

ಇಬ್ಬರ ಮಾತಿನಲ್ಲೂ ನಿಜವಿದೆ. ದೊಡ್ಡಪ್ಪನ ಮಾತು ಹಳೆಯ ಕಾಲದ್ದು ಎಂದು ಬದಿಗಿಡುವುದು ಸುಲಭ, ಹುಡುಗನ ಮಾತು ಹುಡುಗಾಟದ್ದು ಎನ್ನುವುದೂ ಸುಲಭ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಯೋಚಿಸೋಣ.

ನಾವು ದಿನವೂ ಹೇಳುವ ಪಂಚಶೀಲದಿಂದ ಆರಂಭಿಸುತ್ತೇನೆ. ಎರಡನೆಯ ಶೀಲವನ್ನು ಕನ್ನಡದಲ್ಲಿ "ಕಳ್ಳತನ ಮಾಡುವುದಿಲ್ಲ" ಎಂದು ಹೇಳಿಬಿಡುತ್ತೇವೆ. ಪಾಳಿಯ ಪದ ಅದಕ್ಕಿಂತ ದೊಡ್ಡದು: ಅದಿನ್ನಾದಾನ. ದಿನ್ನ ಎಂದರೆ ಕೊಟ್ಟದ್ದು. ಅದಿನ್ನ ಎಂದರೆ ಕೊಡದೆ ಇದ್ದದ್ದು. ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದರಿಂದ ದೂರವಿರುತ್ತೇನೆ ಎಂಬುದು ಆ ಶೀಲ. ಹಣ, ಒಡವೆ, ಹೊಲ ಎಂದು ಅದು ಎಲ್ಲೂ ಮಿತಿ ಹಾಕಿಲ್ಲ. ಹಾಗಾದರೆ ಮನುಷ್ಯನ ಮೈಬೆವರನ್ನು ಅವನು ಕೊಡದೆಯೇ ತೆಗೆದುಕೊಂಡರೆ?

ನಮ್ಮ ಹಿರಿಯರ ಬಿಟ್ಟಿ ಚಾಕರಿಗೆ ಧಮ್ಮದ ಭಾಷೆಯಲ್ಲಿ ಇದೇ ಹೆಸರು. ಅದು ಅದಿನ್ನಾದಾನ. ಊರು ಅವರ ಶ್ರಮವನ್ನು ಕೇಳಿ ಪಡೆಯಲಿಲ್ಲ, ಹುಟ್ಟಿನ ಲೆಕ್ಕದಲ್ಲಿ ಎತ್ತಿಕೊಂಡಿತು. ಹಾಗೆ ನೋಡಿದರೆ ತಲೆ ತಗ್ಗಿಸಬೇಕಾದವರು ಗುಡಿಸಿದವರಲ್ಲ. ಶೀಲ ಮುರಿದವರು ಗುಡಿಸಿಕೊಂಡವರು. ಬಾಲ್ಯದಲ್ಲಿ ನಮ್ಮಲ್ಲಿ ಅನೇಕರು ಅಜ್ಜಿಯ ಕೆಲಸವನ್ನು ಗೆಳತಿಯರ ಮುಂದೆ ಹೇಳಲು ನಾಚಿದ್ದೇವೆ. ಆ ನಾಚಿಕೆ ತಪ್ಪು ವಿಳಾಸಕ್ಕೆ ಬಂದ ಪತ್ರ. ಅದನ್ನು ನಾವು ಇಟ್ಟುಕೊಳ್ಳಬೇಕಾಗಿಲ್ಲ.

ದಾನವೆಂದರೆ ಇದರ ಎದುರು ತುದಿ. ತನ್ನದಾಗಿರುವುದನ್ನು ಮಾತ್ರ ಒಬ್ಬರು ಕೊಡಬಹುದು. ಬೇಡ ಎನ್ನುವ ಶಕ್ತಿ ಇದ್ದವರು ಹೌದು ಎಂದಾಗ ಮಾತ್ರ ಅದು ದಾನ. ಬೇಡ ಎಂದರೆ ಛಡಿಯೇಟು ಬೀಳುವ, ಕಾಳು ನಿಂತುಹೋಗುವ, ಬಹಿಷ್ಕಾರವಾಗುವ ಕಡೆ "ಹೌದು" ಎಂಬ ಮಾತಿಗೆ ಅರ್ಥವೇ ಇಲ್ಲ. ನಮ್ಮ ತಾತಂದಿರು ಶ್ರಮದಾನ ಮಾಡಲಿಲ್ಲ. ಅವರಿಗೆ ಅದನ್ನು ಮಾಡುವ ಅವಕಾಶವನ್ನೇ ಯಾರೂ ಕೊಟ್ಟಿರಲಿಲ್ಲ.

ಬಾಬಾಸಾಹೇಬರು ಇದನ್ನು ಬೇರು ಹಿಡಿದು ನೋಡಿದರು. ಮುಂಬೈ ಪ್ರಾಂತ್ಯದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ನೆರಳಿನಲ್ಲಿ ಮಹಾರ್ ವತನ ನಡೆಯುತ್ತಿತ್ತು. ತುಂಡು ಭೂಮಿ, ಊರವರು ಕೊಡುವ ಒಂದಿಷ್ಟು ಕಾಳು. ಬದಲಿಗೆ ಹಗಲೆನ್ನದೆ ರಾತ್ರಿಯೆನ್ನದೆ ಕರೆದಾಗ ಓಡಬೇಕು. ಆತ ಸಿಗದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. 1928ರಲ್ಲಿ ಅವರು ಶಾಸನಸಭೆಯಲ್ಲಿ ಇದರ ತಿದ್ದುಪಡಿಗೆ ಮಸೂದೆ ತಂದರು, 1937ರಲ್ಲಿ ಮತ್ತೆ ತಂದರು. ನಮ್ಮ ಕಡೆಯ ತೋಟಿ, ತಳವಾರ, ನೀರಗಂಟಿ ಚಾಕರಿಗಳೂ ಇದೇ ಜಾಡಿನವು. ಅಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಲು ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ಇವೆಲ್ಲ ಪುರಾಣ ಕಾಲದ ಮಾತುಗಳಲ್ಲ. ದೊಡ್ಡಪ್ಪ ಅದನ್ನು ಕಣ್ಣಾರೆ ಕಂಡವರು.

ಇನ್ನೊಂದು ಮಾತನ್ನೂ ನೆನಪಿಡಬೇಕು. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧೀಜಿಯವರ ಬಗ್ಗೆ ಬರೆದ ಪುಸ್ತಕದಲ್ಲಿ ಬಾಬಾಸಾಹೇಬರು ಒಂದು ಮೋಸವನ್ನು ಬಯಲು ಮಾಡಿದ್ದಾರೆ. ಕಸ ಬಳಿಯುವ ಕೆಲಸ ಪವಿತ್ರ ಎಂದು ಹೊಗಳುವುದು, ಆ ಪವಿತ್ರ ಕೆಲಸವನ್ನು ಒಂದೇ ಜಾತಿಗೆ ಬಿಟ್ಟುಬಿಡುವುದು, ಇದು ಕ್ರೂರ ಹಾಸ್ಯ ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಯಾರಾದರೂ ಪೊರಕೆಯ ಹಿರಿಮೆಯನ್ನು ನಮಗೆ ಬೋಧಿಸಲು ಬಂದರೆ ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಸರದಿ ಯಾವತ್ತು?

ಇಲ್ಲಿಗೆ ದೊಡ್ಡಪ್ಪನ ಮಾತು ಗೆದ್ದಂತೆ ಕಾಣುತ್ತದೆ. ಈಗ ಹುಡುಗನ ಮಾತಿಗೆ ಬರೋಣ.

ಪಾರ್ಕು ಎಂದರೆ ಏನು? ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕೂರುವ ಜಾಗ ಎಂದು ಹೇಳಿಕೊಳ್ಳುವುದು ಅರಳಿಕಟ್ಟೆ. ಆದರೆ ಆ ಕಟ್ಟೆಯ ಮೇಲೆ ನಮ್ಮವರು ಕೂರುವ ಹಾಗಿರಲಿಲ್ಲ. ಸ್ವಲ್ಪ ಯೋಚಿಸಿ: ಅರಳಿ ಎಂದರೆ ಬೋಧಿವೃಕ್ಷ. ತಥಾಗತರಿಗೆ ಅರಿವು ಮೂಡಿದ ಮರದ ನೆರಳೇ ನಮಗೆ ನಿಷೇಧವಾಗಿತ್ತು. ಇವತ್ತು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಪಕ್ಕದವರು ಯಾರೆಂದು ನಮಗೆ ಗೊತ್ತಿಲ್ಲ, ನಾವು ಯಾರೆಂದು ಅವರಿಗೆ ಗೊತ್ತಿಲ್ಲ. ಜಾತಿ ಕೇಳದೆ ಕೂರಲು ಬಿಡುವ ಅರಳಿಕಟ್ಟೆ ನಮಗೆ ಸಿಕ್ಕಿದ್ದೇ ಪಾರ್ಕಿನ ರೂಪದಲ್ಲಿ.

ಅದು ತಾನಾಗಿ ಸಿಗಲಿಲ್ಲ. 1923ರಲ್ಲಿ ಬೋಲೆಯವರ ನಿರ್ಣಯ ಮುಂಬೈ ಶಾಸನಸಭೆಯಲ್ಲಿ ಪಾಸಾಯಿತು, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಎಲ್ಲರಿಗೂ ತೆರೆದಿರಬೇಕೆಂದು. ಮಹಾಡದ ಪುರಸಭೆಯೂ ಒಪ್ಪಿತು. ಕಾಗದದ ಮೇಲೆ ಕೆರೆ ತೆರೆಯಿತು, ನೀರಿನ ಹತ್ತಿರ ಹೋಗುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ ಹಾಕಿ ಕೆರೆಯನ್ನು "ಶುದ್ಧ" ಮಾಡಿದರು. ಕೋರ್ಟಿನಲ್ಲಿ ಹೈಕೋರ್ಟಿನ ತನಕ ಹೋರಾಡಿ ಗೆಲ್ಲಲು 1937ರವರೆಗೆ ಹತ್ತು ವರ್ಷ ಬೇಕಾಯಿತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಸಾರ್ವಜನಿಕರು ಸೇರುವ ಸ್ಥಳಗಳೂ ಸೇರಿವೆ. ಅದೇ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿ. ಈ ಜಾಗ ನಿಮ್ಮದು ಎನ್ನುತ್ತದೆ ಒಂದು. ಇಲ್ಲಿ ನಿಮ್ಮಿಂದ ಯಾರೂ ಬಿಟ್ಟಿ ದುಡಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಇನ್ನೊಂದು. ಇವೆರಡೂ ಇದ್ದಾಗಲೇ ನಮ್ಮ ಕೈಯ ಕೆಲಸ ದಾನವಾಗಲು ಸಾಧ್ಯ.

ಜಾತಿ ವಿನಾಶದ ಕುರಿತ 1936ರ ಭಾಷಣ-ಪುಸ್ತಕದಲ್ಲಿ ಬಾಬಾಸಾಹೇಬರು ಜಾತಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಅದು ಸಾರ್ವಜನಿಕ ಮನೋಭಾವವನ್ನೇ ಕೊಂದಿದೆ ಎಂಬುದು. ಜಾತಿಯಲ್ಲಿ ಬೆಳೆದವನಿಗೆ ತನ್ನ ಜಾತಿಯೇ ಸಮಾಜ, ಅದರಾಚೆಯವರ ಬಗ್ಗೆ ಹೊಣೆ ಇಲ್ಲ. ಮನೆಯಂಗಳ ಸಾರಿಸಿ, ರಂಗೋಲಿ ಹಾಕಿ, ಕಸವನ್ನು ರಸ್ತೆಗೆ ಎಸೆಯುವ ಪದ್ಧತಿ ಎಲ್ಲಿಂದ ಬಂತು ಎಂದು ಇದರಿಂದ ತಿಳಿಯುತ್ತದೆ. ರಸ್ತೆ ಯಾರದೂ ಅಲ್ಲ, ಅದನ್ನು ಎತ್ತಲು ಹುಟ್ಟಿದವರು ಬೇರೆ ಇದ್ದಾರೆ ಎಂಬ ನಂಬಿಕೆ ಅದು. ಹಾಗಿದ್ದರೆ ಆ ಮನೋಭಾವವನ್ನು ಮತ್ತೆ ಕಟ್ಟುವವರು ಯಾರು? ಜಾತಿಯನ್ನು ಬಿಟ್ಟು ಬಂದವರಿಗಿಂತ ಆ ಕೆಲಸಕ್ಕೆ ಹೆಚ್ಚು ಅರ್ಹರು ಯಾರಿದ್ದಾರೆ?

ಧಮ್ಮಕ್ಕೂ ಉದ್ಯಾನಕ್ಕೂ ಇರುವ ನಂಟು ಬಹಳ ಹಳೆಯದು. ಆರಾಮ ಎಂಬ ಪಾಳಿ, ಸಂಸ್ಕೃತ ಪದಕ್ಕೆ ಉದ್ಯಾನ ಎಂದೇ ಅರ್ಥ. ಸಂಘಾರಾಮ ಎಂದರೆ ಸಂಘದ ತೋಟ. ಬಿಂಬಿಸಾರನು ವೇಳುವನವನ್ನು ದಾನ ಮಾಡುವಾಗ ಎಂಥ ಜಾಗ ಬೇಕು ಎಂದು ಯೋಚಿಸಿದ್ದು ವಿನಯದಲ್ಲಿದೆ: ಊರಿಗೆ ತೀರಾ ದೂರವಿರಬಾರದು, ತೀರಾ ಹತ್ತಿರವೂ ಇರಬಾರದು, ಬರಬೇಕೆನ್ನುವವರಿಗೆಲ್ಲ ಬರಲು ಅನುಕೂಲವಿರಬೇಕು, ರಾತ್ರಿ ಸದ್ದಿರಬಾರದು. ಸಂಯುತ್ತ ನಿಕಾಯದ ವನರೋಪ ಸುತ್ತದಲ್ಲಿ ಯಾರ ಪುಣ್ಯ ಹಗಲಿರುಳೂ ಬೆಳೆಯುತ್ತದೆ ಎಂಬ ಪ್ರಶ್ನೆ ಬರುತ್ತದೆ. ತೋಟ, ತೋಪು ಬೆಳೆಸುವವರು, ಸೇತುವೆ ಕಟ್ಟುವವರು, ಅರವಟ್ಟಿಗೆ ಇಡುವವರು, ಬಾವಿ ತೋಡಿಸುವವರು, ತಂಗಲು ನೆಲೆ ಕೊಡುವವರು ಎಂದು ಬುದ್ಧರ ಉತ್ತರ. ಇವೆಲ್ಲ ಯಾರು ಬೇಕಾದರೂ ಬಂದು ಬಳಸುವ ಜಾಗಗಳು. ಆ ಪಟ್ಟಿಯಲ್ಲಿ ಯಜ್ಞವಿಲ್ಲ.

ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಬಂಡೆಯ ಮೇಲೆ ಬರೆಸಿದ ಅಶೋಕ ಸಾಲುಮರ ನೆಡಿಸಿದ ಎಂದು ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವನ ಏಳನೆಯ ಸ್ತಂಭಶಾಸನದಲ್ಲಿ ಅದರ ಮುಂದಿನ ಮಾತೂ ಇದೆ. ಇಂಥ ಸೌಕರ್ಯಗಳನ್ನು ಹಿಂದಿನ ರಾಜರೂ ಮಾಡಿದ್ದರು, ನಾನು ಮಾಡಿದ್ದು ಜನ ಧಮ್ಮದ ಹಾದಿಯಲ್ಲಿ ನಡೆಯಲೆಂದು ಎನ್ನುತ್ತಾನೆ. ಅಂದರೆ ನೆರಳು ಕೊಡುವುದಷ್ಟೇ ಸಾಲದು, ನೆರಳಿನಲ್ಲಿ ಸೇರಿದವರ ನಡತೆಯೂ ಬದಲಾಗಬೇಕು.

ಆರಾಮ ಇದ್ದ ಮೇಲೆ ಅದನ್ನು ಗುಡಿಸಬೇಕಲ್ಲ, ಅದನ್ನು ಯಾರು ಮಾಡುತ್ತಿದ್ದರು? ಚುಲ್ಲವಗ್ಗದ ವತ್ತಕ್ಖಂಧಕ ಎಂಬ ಭಾಗವನ್ನು ಬಿಡುವಾದಾಗ ಓದಿ. ಭಿಕ್ಖುಗಳ ದಿನನಿತ್ಯದ ಕರ್ತವ್ಯಗಳು ಅಲ್ಲಿವೆ. ಶೌಚಾಲಯಕ್ಕೇ ಪ್ರತ್ಯೇಕ ನಿಯಮಗಳಿವೆ. ಹೋದವರು ಅದು ಕೊಳಕಾಗಿದ್ದರೆ ತೊಳೆಯಬೇಕು, ಕಸವಿದ್ದರೆ ಗುಡಿಸಬೇಕು. ಬ್ರಾಹ್ಮಣ ಕುಲದಿಂದ ಬಂದವರಿಗೂ ಅದೇ, ಕ್ಷೌರಿಕರ ಮನೆಯಿಂದ ಬಂದವರಿಗೂ ಅದೇ. ಅಲ್ಲಿ ಹಿರಿತನದ ಲೆಕ್ಕವೂ ನಡೆಯುವುದಿಲ್ಲ, ಬಂದ ಸರದಿಯಲ್ಲಿ ಬಳಸಬೇಕು ಎಂದಿದೆ.

ಇದೇ ಬೆಳಕಿನಲ್ಲಿ ಸುನೀತ ಥೇರರನ್ನು ನೋಡಿ. ಥೇರಗಾಥೆಯಲ್ಲಿ ಅವರು ತಮ್ಮ ಕಥೆ ಹೇಳಿಕೊಂಡಿದ್ದಾರೆ. ಬಡತನದ ಕೀಳು ಕುಲ, ಬಾಡಿದ ಹೂವು ಎತ್ತಿಹಾಕುವ ಕೆಲಸ, ಜನರ ತಿರಸ್ಕಾರ. ಮಗಧದ ನಗರಕ್ಕೆ ಬರುತ್ತಿದ್ದ ಬುದ್ಧರನ್ನು ಕಂಡು ಹೊರುವ ಕೋಲನ್ನು ಕೆಳಗೆ ಹಾಕಿದರು, ಸಂಘಕ್ಕೆ ಸೇರಿದರು. ನಾವು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಮುಂದೇನಾಯಿತು ಯೋಚಿಸಿ. ಸಂಘದಲ್ಲೂ ಪೊರಕೆ ಇತ್ತು, ಸುನೀತರೂ ಗುಡಿಸಬೇಕಿತ್ತು. ಆದರೆ ಅಲ್ಲಿ ಅದು ಎಲ್ಲರ ಸರದಿಯ ಕೆಲಸ. ಸುನೀತರು ಕೆಳಗಿಟ್ಟದ್ದು ಹುಟ್ಟಿನ ಹೊರೆಯನ್ನು. ಕೈಗೆ ಮತ್ತೆ ಬಂದದ್ದು ಬರೀ ಒಂದು ಪೊರಕೆ.

ದೊಡ್ಡಪ್ಪನ ಪ್ರಶ್ನೆಗೂ ಹುಡುಗನ ಪ್ರಶ್ನೆಗೂ ಉತ್ತರ ಇಲ್ಲಿದೆ ಎಂದು ನನಗೆ ತೋರುತ್ತದೆ. ಕೆಲಸ ಯಾವುದು ಎಂಬುದಕ್ಕಿಂತ ಅದು ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ನೋಡಬೇಕು.

ನಮ್ಮಲ್ಲಿ ಏಳೆಂಟು ಜನ ಹೋದೆವು. ಮೊದಲ ಭಾನುವಾರವೇ ಪರೀಕ್ಷೆ ಎದುರಾಯಿತು. ಸಂಘದವರು ಗಿಡಗಳಿಗೆ ನೀರು, ಬೆಂಚಿಗೆ ಬಣ್ಣ ಎಂದು ತಮ್ಮತಮ್ಮಲ್ಲಿ ಹಂಚಿಕೊಂಡು, ಶೌಚಾಲಯದ ಪಕ್ಕವನ್ನು ತೋರಿಸಿ "ಆ ಕಡೆ ನೀವು ನೋಡ್ಕೊಳ್ಳಿ" ಎಂದರು. ಬೇಕೆಂದೇ ಹೇಳಿದರೋ, ಬಾಯಿಗೆ ತಾನಾಗಿ ಬಂತೋ, ನಾನು ವಿಚಾರಿಸಲು ಹೋಗಲಿಲ್ಲ. ಜಾತಿ ಹೆಚ್ಚಾಗಿ ಹಾಗೆ ತಾನಾಗಿಯೇ ಬಾಯಿಗೆ ಬರುತ್ತದೆ. ನಮ್ಮ ಹುಡುಗ ಕೋಪ ಮಾಡಿಕೊಳ್ಳದೆ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದ. "ಎಲ್ಲ ಕೆಲಸಾನೂ ಚೀಟಿ ಎತ್ತಿ ಹಂಚಿಕೊಳ್ಳೋಣ ಸಾರ್, ಪ್ರತಿ ವಾರ" ಎಂದ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಿವೃತ್ತ ಅಧಿಕಾರಿಯೊಬ್ಬರು ಮೊದಲು ಕೈ ಹಾಕಿದರು, ಅವರಿಗೇ ಶೌಚಾಲಯದ ಪಕ್ಕ ಬಂತು. ಅವರು ಪ್ಯಾಂಟು ಮಡಚಿಕೊಂಡು ಹೋದರು. ಮುಂದಿನ ವಾರ ಇಬ್ಬರು ಬರಲಿಲ್ಲ. ಉಳಿದವರು ಬಂದರು.

ಎರಡನೆಯ ಪರೀಕ್ಷೆ ಇನ್ನೂ ಕಷ್ಟದ್ದು. ಆ ಪಾರ್ಕಿನಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವ ಹೆಂಗಸೊಬ್ಬರಿದ್ದಾರೆ. ನಾವು ಗುಡಿಸುವುದನ್ನು ನೋಡುತ್ತಾ ನಿಂತಿದ್ದವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೇಡಮ್ಮೋರೆ, ನೀವೆಲ್ಲ ಹಿಂಗೆ ಪುಕ್ಕಟೆ ಗುಡಿಸಿಬಿಟ್ರೆ, ಮೇಸ್ತ್ರಿ ನನ್ನ ಹಾಜರಿ ಯಾಕೆ ಹಾಕ್ತಾನೆ?"

ನಮ್ಮ ದಾನ ಇನ್ನೊಬ್ಬರ ಅನ್ನವನ್ನು ತಿನ್ನುವಂತಿದ್ದರೆ ಅದು ದಾನವೇ? ಪುಕ್ಕಟೆ ಕೆಲಸ ಮಾಡುವವರು ಇದ್ದಾರೆಂದು ಕೂಲಿಯವರನ್ನು ತೆಗೆದುಹಾಕಿದರೆ, ನಾವು ಕೊಟ್ಟದ್ದು ಅವರಿಂದ ಕಿತ್ತದ್ದಾಗುತ್ತದೆ. ಅದಿನ್ನಾದಾನ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಬಳಗದಲ್ಲಿ ಕೂತು ನಾವೊಂದು ತೀರ್ಮಾನಕ್ಕೆ ಬಂದೆವು: ಕೂಲಿ ಕೊಟ್ಟು ಮಾಡಿಸಬೇಕಾದ ದಿನನಿತ್ಯದ ಕೆಲಸವನ್ನು ನಾವು ಮಾಡುವುದಿಲ್ಲ. ಯಾರ ಹಾಜರಿಯಲ್ಲೂ ಇಲ್ಲದ ಕೆಲಸ ಹಿಡಿಯುತ್ತೇವೆ. ಪಾರ್ಥೇನಿಯಂ ಕೀಳುವುದು, ಹೊಂಗೆ, ಬೇವಿನ ಸಸಿಗಳಿಗೆ ಪಾತಿ ಮಾಡುವುದು, ಸಂಜೆ ಮಕ್ಕಳಿಗೆ ಪುಸ್ತಕ ಓದಿಸುವುದು. ಜೊತೆಗೆ ಆ ಅಮ್ಮನಿಗೆ ಗ್ಲೌಸು, ಬೂಟು, ತಿಂಗಳಿಗೆ ಸರಿಯಾಗಿ ಸಂಬಳ ಸಿಗಬೇಕೆಂದು ಬರೆದ ಅರ್ಜಿಗೆ ವಾಕಿಂಗ್ ಸಂಘದವರಿಂದಲೂ ಸಹಿ ಹಾಕಿಸಿದೆವು. ಪಾರ್ಕಿನಲ್ಲಿ ನಾವು ಮಾಡಿದ ಕೆಲಸಗಳಲ್ಲಿ ಆ ಅರ್ಜಿಯೇ ದೊಡ್ಡದು ಎಂದು ನನ್ನ ಭಾವನೆ.

ಮೂರನೆಯದು ನಾವು ಹೆಂಗಸರು ಕೇಳಬೇಕಾದ ಪ್ರಶ್ನೆ. ಪೊರಕೆಗೆ ಜಾತಿಯನ್ನು ಅಂಟಿಸಿದ ಸಮಾಜವೇ ಅದಕ್ಕೆ ಸೀರೆಯನ್ನೂ ಉಡಿಸಿದೆ. ಬಳಗದ ಸಭೆಯಾದ ಮೇಲೆ ಟೀ ಲೋಟ ತೊಳೆಯುವವರು ಯಾರು? ನನ್ನ ತರಗತಿಯಲ್ಲಿ ಕೋಣೆ ಗುಡಿಸುವ ಸರದಿ ಹಾಜರಿ ಪುಸ್ತಕದ ಕ್ರಮದಲ್ಲಿ ನಡೆಯುತ್ತದೆ. ಹುಡುಗ ಹುಡುಗಿ ಎಂಬ ಭೇದವಿಲ್ಲ, ಯಾವ ಬೀದಿಯವರು ಎಂಬ ಭೇದವೂ ಇಲ್ಲ. ಒಬ್ಬ ಪೋಷಕರು ಬಂದು "ನಮ್ಮ ಹುಡುಗನ ಕೈಗೆ ಪೊರಕೆ ಕೊಟ್ಟಿದ್ದೀರಂತೆ" ಎಂದು ಕೇಳಿದರು. ಗೋಡೆಯ ಪಟ್ಟಿಯನ್ನು ತೋರಿಸಿದೆ. ಶನಿವಾರದ ಮುಂದೆ ನನ್ನ ಹೆಸರಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಧಮ್ಮಪದದ 172ನೇ ಗಾಥೆಯ ಹಿನ್ನೆಲೆಯಲ್ಲಿ ಸಮ್ಮಜ್ಜನ ಎಂಬ ಥೇರರ ಕಥೆ ಇದೆ. ಅವರು ದಿನವಿಡೀ ವಿಹಾರ ಗುಡಿಸುತ್ತಲೇ ಇರುತ್ತಿದ್ದರು. ಧ್ಯಾನದಲ್ಲಿ ಕೂತಿದ್ದ ರೇವತ ಥೇರರನ್ನು ಸೋಮಾರಿ ಎಂದುಕೊಂಡರು. ರೇವತರು ಅವರಿಗೆ, ಬೆಳಿಗ್ಗೆ ಸಂಜೆ ಗುಡಿಸು, ನಡುವಿನ ಹೊತ್ತಿನಲ್ಲಿ ನಿನ್ನೊಳಗನ್ನು ನೋಡು ಎಂದು ತಿಳಿಹೇಳಿದರು. ನಮಗೂ ಈ ಮಾತು ಸಲ್ಲುತ್ತದೆ. ಭಾನುವಾರದ ಪಾರ್ಕು ನಮ್ಮ ಓದನ್ನು, ಸಂಘಟನೆಯನ್ನು, ಹೋರಾಟವನ್ನು ತಿಂದುಹಾಕಬಾರದು. ಸೇವೆ ಮಾಡಿದ ಖುಷಿಯಲ್ಲಿ ಮನಸ್ಸಿನ ಕಸ ಹಾಗೇ ಉಳಿಯಬಾರದು. ಮುಖ್ಯವಾಗಿ, ಬರದೆ ಇದ್ದವರನ್ನು ಕೀಳಾಗಿ ನೋಡುವ ಕಸ.

ದೊಡ್ಡಪ್ಪ ಇಂದಿಗೂ ಪೊರಕೆ ಮುಟ್ಟಿಲ್ಲ. ಬೇಡ ಎನ್ನುವ ಹಕ್ಕನ್ನು ಅವರ ತಾತನಿಗೆ ಯಾರೂ ಕೊಡಲಿಲ್ಲ. ಇವರು ಅದನ್ನು ಬಳಸುತ್ತಿದ್ದಾರೆ. ಅವರ "ಬೇಡ" ಇರುವುದರಿಂದಲೇ ನಮ್ಮ "ಹೌದು"ಗೆ ಬೆಲೆ ಬಂದಿದೆ.

ಆದ್ದರಿಂದ ಬಂಧುಗಳೇ, ಪಾರ್ಕಿರಲಿ, ಶಾಲೆಯಿರಲಿ, ವಿಹಾರವಿರಲಿ, ಸ್ವಯಂಸೇವೆಗೆ ಕರೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

1. ನಾನು ಬೇಡ ಎನ್ನಬಹುದೇ?
2. ಈ ಕೆಲಸ ಎಲ್ಲರ ಸರದಿಗೂ ಬರುತ್ತದೆಯೇ?
3. ಇದರಿಂದ ಯಾರ ಕೂಲಿಗಾದರೂ ಕತ್ತರಿ ಬೀಳುತ್ತದೆಯೇ?
4. ಕೆಲಸ ಮುಗಿದ ಮೇಲೆ ಅದೇ ಬೆಂಚಿನ ಮೇಲೆ ಎಲ್ಲರ ಜೊತೆ ನಾನೂ ಕೂರುತ್ತೇನೆಯೇ?

ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಹೋಗೋಣ. ಸಂತೋಷದಿಂದ ಹೋಗೋಣ. 22 ಪ್ರತಿಜ್ಞೆಗಳಲ್ಲಿ ನಾವು ಪಾಲಿಸುತ್ತೇವೆಂದ ದಶ ಪಾರಮಿತೆಗಳಲ್ಲಿ ದಾನವೂ ಒಂದು. ಬಹುಕಾಲ ನಮ್ಮಿಂದ ಕಸಿದುಕೊಂಡೇ ಇದ್ದ ಶ್ರಮ ಈಗ ನಮ್ಮದು. ನಮ್ಮದಾದ್ದರಿಂದ ಕೊಡಬಲ್ಲೆವು.

ಇಂದಿನ ಅಭ್ಯಾಸ: ಇವತ್ತು ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ನಿಮಗಾಗಿ ಗುಡಿಸಿದವರು ಯಾರು ಎಂದು ಗಮನಿಸಿ. ಅದು ಕೊಟ್ಟ ಶ್ರಮವೇ, ಕೂಲಿ ಪಡೆದ ಶ್ರಮವೇ, ಕಸಿದ ಶ್ರಮವೇ? ರಾತ್ರಿ ಮಲಗುವ ಮುನ್ನ ಐದು ನಿಮಿಷ ಯೋಚಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.